ಮುನಿತಾಯಮ್ಮನ ಫಸ್ಟ್‌ಕ್ಲಾಸ್

ರೇಷ್ಮೆಗೂಡಿಗೆ ಒಳ್ಳೆ ರೇಟು ಬಂದು ಬೈರಾಪಟ್ಟಣದ ಮನೆಮನೆಯಲ್ಲೂ ಹುಳು ಮೇಯುತ್ತಿದ್ದ ಆ ವರ್ಷಗಳಲ್ಲಿ ಫಸ್ಟ್‌ಕ್ಲಾಸ್ ಅನ್ನುವ ಇಂಗ್ಲಿಷ್ ಮಾತು ಎಲ್ಲರ ನಾಲಗೆಯ ಮೇಲೂ ಕುಣಿಯುತ್ತಿತ್ತು, ಆದರೆ ಮುನಿತಾಯಮ್ಮನಿಗೆ ಅದನ್ನು ಕೇಳಿದರೆ ಭಯವಾಗುತ್ತಿತ್ತು. ಅವಳೂ ಆ ಮಾತು ಆಡುತ್ತಿದ್ದಳು, ಇಲ್ಲವೆಂದಲ್ಲ: ಉಂಡು ಕೈತೊಳೆದ ಮೇಲೆ ಸಾರು ಫಸ್ಟ್‌ಕ್ಲಾಸ್, ನೋಡಿ ಬಂದ ಮೇಲೆ ಸಿನಿಮಾ ಫಸ್ಟ್‌ಕ್ಲಾಸ್, ರಾಮನಗರದ ಮಾರ್ಕೆಟ್ಟಿನಲ್ಲಿ ಮಾರಿದ ಮೇಲೆ ಗೂಡೂ ಫಸ್ಟ್‌ಕ್ಲಾಸ್. ಉಸಿರಾಡುವ ಯಾವುದಕ್ಕೂ ಮಾತ್ರ ಆ ಮಾತು ತಾಗಕೂಡದು, ತಾಗಿದರೆ ಕಣ್ಣು ಬಿತ್ತೆಂದೇ ಲೆಕ್ಕ. ಪಕ್ಕದ ಮನೆಯ ಬೀರಲಿಂಗಯ್ಯ ಬಾಗಿಲಲ್ಲಿ ಇಣುಕಿ, "ಅಕ್ಕಾ, ಹುಳ ಫಸ್ಟ್‌ಕ್ಲಾಸಾಗವೆ" ಅಂದರೆ ಮುಗಿಯಿತು. "ಬುಡ್ತು ಅನ್ನಪ್ಪಾ, ಬುಡ್ತು ಅನ್ನು! ಏನೋ ಒಸಿ ಪರವಾಗಿಲ್ಲ ಅಷ್ಟೇಯ" ಎಂದು ಒಲೆಗೆ ಉಪ್ಪು ಮೆಣಸಿನಕಾಯಿ ಎಸೆದು, ತಟ್ಟೆತಟ್ಟೆಯ ಹುಳುಗಳನ್ನೂ ಮುಟ್ಟಿ ನೋಡುವಳು. ಹುಳು ಪೊರೆ ಕಳಚುವ ನಿದ್ದೆಗೆ ಊರೆಲ್ಲ ಜ್ವರ ಅಂದರೂ ಅವಳ ಬಾಯಲ್ಲಿ ಆ ಹೆಸರು ಬಾರದು, "ಮಲಗವೆ" ಅನ್ನುವಳು. ಒಂದು ದಿನ ಸೊಪ್ಪು ಕೊಯ್ಯಲು ಬಂದ ಹೊಸ ಆಳು ಭದ್ರಮ್ಮ, ಗೋಡೆಯ ಫೋಟೋದಲ್ಲಿದ್ದ ಮಗು ಯಾರೆಂದು ಕೇಳಿದಳು. "ನನ್ ಹಿರೀಮಗಳು ಕಣವ್ವಾ. ಜ್ವರ ಬಂದು ಹೊಂಟೋದ್ಲು. ಫಸ್ಟ್‌ಕ್ಲಾಸಾಗಿದ್ಲು." ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ ಕಿರಿಮಗಳು ಪದ್ಮ ತಲೆಯೆತ್ತಿ, "ನಾನೋ ಅವ್ವಾ?" ಅಂದಳು. ಮುನಿತಾಯಮ್ಮ ಹತ್ತಿರ ಹೋಗಿ ಅವಳ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು. "ನೀನಾ? ಏನೋ, ಪರವಾಗಿಲ್ಲ ಬುಡು" ಅಂದಳು.