ಸಾದ್ರ ಹೇಳಿಕೊಂಡ ಗುಟ್ಟು

ನೆಂಗಾ ಸಾದ್ರ ಮತ್ತು ಗೆಲೆಬೆತನ ಕುಣಿತಕ್ಕೆ ಮದ್ದಳೆ ಬಾರಿಸುತ್ತಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ನಮ್ಮ ಗಿಯಾನ್ಯಾರ್ ಸೀಮೆಯಲ್ಲಿ ಮುಖವಾಡದ ಆಟ ಎಂದರೆ ಜನ ಮೊದಲು ಕೇಳುತ್ತಿದ್ದುದು ಇವರಿಬ್ಬರನ್ನೇ. ರಾಜನ, ಮಂತ್ರಿಯ ಮುಖವಾಡ ಯಾರಾದರೂ ಕಟ್ಟಲಿ, ನಗಿಸುವ ಇಬ್ಬರು ಆಳುಗಳ ಅರೆಮುಖವಾಡ ಇವರದೇ. ಆಳುಗಳಲ್ಲಿ ದೊಡ್ಡವನು ಗೆಲೆಬೆತ. ಗುಡಾಣದ ಹೊಟ್ಟೆ, ಗುಡುಗಿನ ದನಿ. ಆಟದಲ್ಲಿ ಅವನ ತಮ್ಮ ಸಾದ್ರ, ಅಣ್ಣನ ಒಂದೊಂದು ಮಾತಿಗೂ ಕೊಕ್ಕೆ ಹಾಕುವವನು. ಆಟದಾಚೆಗೂ ಈ ಗೆಳೆಯರು ಅಣ್ಣ ತಮ್ಮಂದಿರ ಹಾಗೆಯೇ ಇದ್ದರು. ಒಬ್ಬನ ಹುಂಜ ಕೋಳಿ ಅಂಕದಲ್ಲಿ ಸೋತರೆ ಇನ್ನೊಬ್ಬನಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಟದ ಕೊನೆಗೆ ಬರುವ ಸಿದಕಾರ್ಯದ ಮುಖವಾಡ ಮಾತ್ರ ಸಾದ್ರನೊಬ್ಬನದು. ಬಿಳಿ ಮುಖ, ಮುಂದಕ್ಕೆ ಚಾಚಿದ ಹಲ್ಲು. ಅದು ಕುಣಿದು ಹಳದಿ ಅಕ್ಕಿ ಎರಚುವವರೆಗೆ ಗುಡಿಯ ಪೂಜೆ ಮುಗಿದಂತಲ್ಲ. ಅದನ್ನು ಕಟ್ಟಿದವನ ಮೈಗೆ ತಕ್ಸು ಎಂಬ ದೈವಶಕ್ತಿ ಇಳಿಯಬೇಕು. ತಕ್ಸು ಕಲಿತು ಬರುವುದಲ್ಲ. ದೇವರು ಕೊಟ್ಟರೆ ಉಂಟು, ಹಿಂತೆಗೆದುಕೊಂಡರೆ ಇಲ್ಲ.

ಹೆಂಡತಿ ಲಂದ್ರಿಯ ಬೂದಿಯನ್ನು ಸಮುದ್ರಕ್ಕೆ ಬಿಟ್ಟು ಬಂದ ಮೇಲೆ ಸಾದ್ರ ಕುಗ್ಗಿಹೋದ. ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಕೂತು ಗೆಲೆಬೆತನ ಹತ್ತಿರ ಮನಸ್ಸು ಬಿಚ್ಚಿದ. ಇದನ್ನು ಮುಂದೆ ಸಾದ್ರನೇ ನನಗೆ ಹೇಳಿದ್ದು.

“ಯಾರಿಗೂ ಹೇಳ್ಬೇಡ ಕಣೋ. ಅವಳು ಹೋದ್ಮೇಲೆ ಆ ಮುಖವಾಡ ಕಟ್ಕೊಂಡ್ರೆ ನಂಗೇನೂ ಆಗ್ತಿಲ್ಲ. ಬರೀ ಮರ. ಒಳಗೆ ನಾನೊಬ್ನೇ ಇರ್ತೀನಿ.”

“ಥೂ, ದುಃಖದಲ್ಲಿ ಹಂಗನ್ಸುತ್ತೆ ಬಿಡು. ನನ್ ಹೊಟ್ಟೇಲೇ ಇರುತ್ತೆ ಈ ಮಾತು. ಹೊಟ್ಟೆ ಏನು ಸಣ್ಣದಾ?” ಎಂದು ಗೆಲೆಬೆತ ಹೊಟ್ಟೆ ತಟ್ಟಿಕೊಂಡ. ಎಷ್ಟೋ ದಿನಗಳ ಮೇಲೆ ಸಾದ್ರ ನಕ್ಕ.

ನಮ್ಮೂರ ಗುಡಿಯ ಹಬ್ಬ ಬಂತು. ಮಧ್ಯಾಹ್ನ ಒಳಗೆ ಪುರೋಹಿತರ ಗಂಟೆ ಮೊಳಗುತ್ತಿತ್ತು, ಹೊರ ಅಂಗಳದಲ್ಲಿ ನಮ್ಮ ಆಟ. ಅಣ್ಣ ತಮ್ಮ ಆಳುಗಳು ಬಂದರು, ಊರಿನವರೆಲ್ಲರ ಕಾಲೆಳೆದರು. ಆಮೇಲೆ ಗೆಲೆಬೆತ ದನಿ ಎತ್ತಿದ.

“ಲೋ ತಮ್ಮಾ, ಮೈಮೇಲೆ ದೇವ್ರನ್ನ ಕರ್ಯೋನು ಒಬ್ಬ ಇದಾನಲ್ಲ ನಮ್ಮೂರಲ್ಲಿ. ಹೆಂಡ್ತಿ ಹೋದ್ಳು, ಅವಳ ಹಿಂದೇನೇ ದೇವ್ರೂ ಹೋದ್ನಂತೆ!”

ಜನ ಗೊಳ್ಳೆಂದರು. ಕೊಕ್ಕೆ ಹಾಕಬೇಕಾದ ತಮ್ಮ ಅಣ್ಣನತ್ತ ತಿರುಗಿದ.

“ಮುಖವಾಡದೊಳಗೆ ಏನಿರುತ್ತಪ್ಪಾ ಅಂತ ಕೇಳ್ದೆ. ‘ಬರೀ ಮರ’ ಅಂದ!”

ಈ ಸಲ ಮುಂದೆ ಕೂತಿದ್ದ ಹಿರಿಯರು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾದ್ರನ ತುಟಿ ಬಿಳಿಚಿಕೊಂಡಿದ್ದು ಅರೆಮುಖವಾಡದ ಕೆಳಗೆ ನನಗೆ ಕಾಣಿಸಿತು.

“ಅವ್ನು ಅದನ್ನ ಯಾರಿಗೆ ಹೇಳ್ದ, ಅಣ್ಣಾ?” ಎಂದು ಕೇಳಿದ. ಆಳಿನ ಕೀರಲು ದನಿಯಲ್ಲಲ್ಲ, ತನ್ನ ದನಿಯಲ್ಲೇ.

“ಗೆಳೆಯಂಗೆ!” ಎಂದು ಗೆಲೆಬೆತ ಕುಣಿದ.

ಪೂಜೆಯ ಆಟ, ನಡುವೆ ಬಿಟ್ಟು ಹೋಗುವಂತಿಲ್ಲ. ಸಾದ್ರ ಸಿದಕಾರ್ಯವನ್ನು ಕಟ್ಟಿ ಕುಣಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಆದರೆ ಅವನು ಅಕ್ಕಿ ಎರಚಿದಾಗ, ಯಾವಾಗಲೂ ಮುಗಿಬೀಳುತ್ತಿದ್ದ ಹೆಂಗಸರು ಅಂದು ಹಿಂದೆ ಸರಿದರು.

ಪರದೆಯ ಹಿಂದೆ ಅವನು ಗೆಲೆಬೆತನ ತೋಳು ಹಿಡಿದ. “ಏನೋ ಇದು?”

“ತಮಾಷೆ ಕಣೋ! ನಾನೇನು ಹೆಸರು ಹೇಳಿದ್ನಾ?”

ಮಾರನೆಯ ದಿನ ಕೇರಿಯ ಯಜಮಾನ ಸಾದ್ರನ ಮನೆಗೆ ಬಂದ. ನಾನೂ ಅಲ್ಲೇ ಇದ್ದೆ.

“ಸಾದ್ರಣ್ಣ, ಜನಕ್ಕೆ ಭಯ ಹತ್ತಿದೆ. ಪೂಜೆ ಫಲಿಸ್ತೋ ಇಲ್ವೋ ಅಂತಿದಾರೆ. ನೀನು ಒಂದ್ ಮಾತು ಸುಳ್ಳು ಅಂದ್ಬಿಡು, ಸಾಕು.”

“ನಾನು ಹಾಗಂದಿದ್ದು ನಿಜ,” ಎಂದ ಸಾದ್ರ. ಒಳಗೆ ಹೋಗಿ, ಬಟ್ಟೆ ಸುತ್ತಿದ ಮುಖವಾಡ ತಂದು ಯಜಮಾನನ ಕೈಗಿಟ್ಟ. “ಇನ್ನು ಯಾರು ಕಟ್ತಾರೆ?”

ಯಜಮಾನ ತೊದಲಿದ. “ಗೆಲೆಬೆತ... ಹಬ್ಬಕ್ಕೆ ಮುಂಚೇನೇ ಬಂದು ಹೇಳಿದ್ದ. ‘ಸಾದ್ರನ ಕೈಲಿ ಆಗ್ದೇ ಹೋದ್ರೆ ನಾನಿದೀನಿ’ ಅಂತ. ನಿನ್ ಮೇಲಿನ ಪ್ರೀತಿಗೆ ಅಂತಿದಾನೆ ಅನ್ಕೊಂಡೆ.”

ಸಾದ್ರನ ಕಣ್ಣಲ್ಲಿ ನೀರು ಬಂದದ್ದು ಆಗ. ಮುಖವಾಡ ಕೊಡುವಾಗ ಬಂದಿರಲಿಲ್ಲ.

ಆದರೆ ಸಿದಕಾರ್ಯದ ಮಂತ್ರಗಳು ಊರಲ್ಲಿ ಸಾದ್ರನೊಬ್ಬನಿಗೇ ಗೊತ್ತಿದ್ದವು, ಗೆಲೆಬೆತ ಅವನ ಹತ್ತಿರವೇ ಕಲಿಯಬೇಕಾಯಿತು. ಹೂವು ಹಣ್ಣಿನ ತಟ್ಟೆ ಹಿಡಿದು, ತಲೆ ತಗ್ಗಿಸಿ ಬಂದ. ಸಾದ್ರ ಚಾಪೆ ಹಾಸಿದ.

“ಬನ್ನಿ. ತಾವು ಕೂತ್ಕೊಳ್ಳಿ.”

ಗೆಲೆಬೆತ ಅವನ ಮುಖವನ್ನೇ ನೋಡಿದ. ಪಾಠ ಮುಗಿಯುವವರೆಗೆ ದಿನವೂ ಹಾಗೆಯೇ ನಡೆಯಿತು. ಸಾದ್ರ ಒಂದಕ್ಷರ ಮುಚ್ಚಿಡಲಿಲ್ಲ, ಒಂದು ಮಾತು ಹೆಚ್ಚಿಗೆ ಆಡಲಿಲ್ಲ.

“ಇವನಿಗ್ಯಾಕೆ ಕಲಿಸ್ತೀಯ?” ಎಂದು ನಾನು ರೇಗಿದೆ.

“ಪೂಜೆ ಊರಿಂದು. ಅದ್ಯಾಕೆ ನಿಲ್ಬೇಕು?”

ಕೊನೆಯ ದಿನ ಗೆಲೆಬೆತನಿಗೆ ತಡೆಯಲಾಗಲಿಲ್ಲ. “ಬೈಯೋ, ಬೇಕಾದ್ರೆ ಹೊಡ್ಯೋ. ತಾವು ಅನ್ಬೇಡ್ವೋ. ತಮ್ಮನ ಮುಖವಾಡ ಬೇರೆ ಯಾರು ಕಟ್ಟಿದ್ರೂ ಮಾತೇ ಹುಟ್ಟಲ್ಲ ನಂಗೆ. ಆಟಕ್ಕೆ ಬಾರೋ ಮತ್ತೆ.”

“ಮುಖವಾಡ ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ ಅಂದೇ ಕೊಡ್ತಿದ್ದೆ,” ಎಂದ ಸಾದ್ರ. ಎದ್ದು ಕಾಫಿ ಲೋಟ ತೆಗೆದಿಟ್ಟ. “ಬಿಸಿಲು ಏರ್ತಿದೆ. ತಾವಿನ್ನು ಹೊರಡಿ.”

ಸಿದಕಾರ್ಯವನ್ನು ಈಗ ಗೆಲೆಬೆತನೇ ಕಟ್ಟುತ್ತಾನೆ, ಚೆನ್ನಾಗಿಯೇ ಕುಣಿಯುತ್ತಾನೆ. ಸಾದ್ರ ಆಟಕ್ಕೆ ಬರುವುದಿಲ್ಲ. ಗದ್ದೆ ದಾರಿಯಲ್ಲಿ ಗೆಲೆಬೆತ ಎದುರಾದರೆ, ದೊಡ್ಡವರಿಗೆ ಬಿಡುವಂತೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾನೆ.