ಹತ್ತಿರ ಅಂದ್ರೆ ಎಷ್ಟು ದೂರ

ಇಂದಿರಾನಗರದಲ್ಲಿ ನನ್ನ ಗೈಡ್ ಮನೆ ವರಾಂಡದಲ್ಲಿ ಕೂತು ಕಾಫಿ ಕುಡೀತಿದ್ದಾಗ ನನ್ನ ಪಿಎಚ್‌ಡಿ ಸತ್ತುಹೋಯ್ತು. ಕಾಫಿ ಮಾತ್ರ ಚೆನ್ನಾಗಿತ್ತು.

ನನ್ನ ವಿಷಯ ಬೀಜಗಣಿತ. ಕೂಡೋದು, ಗುಣಿಸೋದು, ಇಂಥ ಕ್ರಿಯೆಗಳಿರೋ ಲೋಕಗಳಿಗೆಲ್ಲ ಒಟ್ಟಿಗೇ ಒಪ್ಪೋ ನಿಯಮ ಹುಡುಕೋದು. ಆ ಲೋಕದೊಳಗೆ ದೂರಾನೂ ಅಳೆಯೋ ಹಾಗಿದ್ರೆ, 'ಇದೂ ಅದೂ ಸಮ' ಅಂತ ಹಟ ಹಿಡೀಬೇಕಾಗಿಲ್ಲ. 'ಇದು ಅದರಿಂದ ಇಷ್ಟಕ್ಕಿಂತ ದೂರ ಇಲ್ಲ' ಅಂದ್ರೂ ಸಾಕು. ಆ ಔದಾರ್ಯ ನೋಡೇ ನಾನು ಮರುಳಾಗಿದ್ದು. ಈ ಜಗತ್ತಲ್ಲಿ ಯಾವುದು ಯಾವುದಕ್ಕೆ ಸಮ ಇದೆ, ಹೇಳಿ?

ಸರ್ ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಹತ್ತಿರ ಇರೋ ಎರಡರ ಮೇಲೆ ಯಾವ ಕ್ರಿಯೆ ನಡೆಸಿದ್ರೂ ಅವು ಅಷ್ಟೇ ಹತ್ತಿರ ಉಳೀತವೆ ಅಂತ ಬರ್ದಿದ್ದೀಯಲ್ಲಮ್ಮ. ಯಾಕೆ?"

ಆ ಸಾಲನ್ನ ಇನ್ನೊಂದು ಸಲ ಓದಿದೆ. ಐದಕ್ಕೂ ಆರಕ್ಕೂ ಅಂತರ ಬರೀ ಒಂದು. ಎರಡನ್ನೂ ನೂರರಿಂದ ಗುಣಿಸಿ, ಅಂತರ ನೂರಾಗುತ್ತೆ. ಸ್ಕೂಲ್ ಮಕ್ಕಳಿಗೂ ಗೊತ್ತಿರೋದು! ಮುಂದಿನ ಅಧ್ಯಾಯಗಳೆಲ್ಲ ನಿಂತಿದ್ದೇ ಆ ಒಂದು ಸಾಲಿನ ಮೇಲೆ. ಪ್ರಬಂಧ ಒಪ್ಪಿಸೋ ಗಡುವನ್ನು ಆಗಲೇ ಕೊನೇ ಸಲ ಮುಂದಕ್ಕೆ ಹಾಕಿಸ್ಕೊಂಡಾಗಿತ್ತು.

"ತುಂಬಾ ಹತ್ತಿರ ಬಂದಿದ್ದೆ ಕಣಮ್ಮ," ಅಂದ್ರು ಸರ್. ಪಾಪ, ಸಮಾಧಾನಕ್ಕೆ ಅಂದಿದ್ದು. ನಂಗೆ ಮೈಯೆಲ್ಲ ಉರಿದುಹೋಯ್ತು. ಹತ್ತಿರ ಅನ್ನೋದಕ್ಕೆ ಅಳತೆ ಕೊಡೋದೇ ನನ್ನ ಕಸುಬು ಅಲ್ವಾ ಸ್ವಾಮಿ! ಕೈಗೆ ಬಂದ ತುತ್ತು ಬಾಯಿಗೆ ಬರದಿದ್ರೆ ಹಸಿವು ಹಸಿವೇ.

ಮರ್ಫಿ ಟೌನಿನ ನಮ್ಮನೆಗೆ ನಡೆದೇ ಹೊರಟೆ. ಹಳೇ ಮದ್ರಾಸ್ ರಸ್ತೆ ದಾಟುವಾಗ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ಕಿರುಚಿದ: "ಸಾಯಕ್ಕೆ ನನ್ ಬಸ್ಸೇ ಬೇಕೇನ್ರೀ?" ಬೇಕಾಗಿರ್ಲಿಲ್ಲ. ಆದ್ರೆ ಬೇಗ ದಾಟಬೇಕು ಅಂತಾನೂ ಅನ್ನಿಸ್ಲಿಲ್ಲ.

ಅಮ್ಮ ಹೊಸ್ತಿಲಲ್ಲಿ ಪಕ್ಕದ ಮನೆ ಅಕ್ಕನ ಜೊತೆ ಸೊಪ್ಪು ಬಿಡಿಸ್ತಾ ಕೂತಿದ್ಳು. "ಏನಂದ್ರೇ ನಿಮ್ ಸರ್ರು?"

"ಹತ್ತಿರ ಬಂದಿದೆ ಅಂದ್ರಮ್ಮ."

"ಅಪ್ಪಾಡಾ! ನಮ್ ಬೀದಿಗೂ ಒಬ್ಳು ಡಾಕ್ಟರ್ ಆದ್ಳು ಬಿಡು," ಅಂತ ತಮಿಳಿನ ಆ ಅಕ್ಕ ನನ್ನ ಗಲ್ಲ ಹಿಡಿದು ದೃಷ್ಟಿ ತೆಗೆದ್ರು. ಅಮ್ಮ ತಲೆ ಎತ್ತಲಿಲ್ಲ. ಅಕ್ಕ ಎದ್ದು ಹೋದ ಮೇಲೆ ಮೆಲ್ಲಗೆ ಅಂದ್ಳು: "ಹೋದ ವರ್ಷಾನೂ ಹಿಂಗೇ ಅಂದಿದ್ದೆ. ಅದರ ಹಿಂದಿನ ವರ್ಷಾನೂ. ನಿಜ ಹೇಳು, ಆಗಲ್ಲ ತಾನೇ?"

"ಆಗಲ್ಲ," ಅಂದೆ.

ಬೈತಾಳೆ ಅಂದ್ಕೊಂಡೆ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. "ಹಂಗಾದ್ರೆ ನಾಳೆಯಿಂದ ಏನ್ ಮಾಡ್ತೀಯೇ?" ಅಂತ ಕೇಳಿದ್ಳು.

ಉತ್ತರ ಗೊತ್ತಿರ್ಲಿಲ್ಲ. ಉತ್ತರಕ್ಕೆ ಹತ್ತಿರವಾದದ್ದೂ ಹೊಳೀಲಿಲ್ಲ.