ಟವಲು ಸರಿದ ಹರಾಜು

ನನ್ನ ಹರಾಜಿನ ವೆಬ್‌ಸೈಟು ಯಾಕೆ ನಿಂತಿತು ಅಂತ ಹುಣಸೂರಿನಲ್ಲಿ ಈಗಲೂ ಕೇಳುತ್ತಾರೆ. ಕೇಳುವವರಲ್ಲಿ ಅರ್ಧಕ್ಕರ್ಧ ಜನ, ಇವಳಿಗೆ ನಡೆಸಲು ಬರಲಿಲ್ಲ ಅಂತ ಮೊದಲೇ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಅವರಿಗೆಲ್ಲ ಒಂದೇ ಉತ್ತರ: ನನಗೆ ಬಂದಷ್ಟು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ. ಜಂಬ ಅಂದರೆ ಅನ್ನಲಿ, ನನಗೇನು.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟು, ಬಸ್ ಪಾಸಿನ ಅರ್ಜಿ, ಮದುವೆ ಪತ್ರಿಕೆ ಎಲ್ಲ ಅಲ್ಲೇ. ಒಂದು ಮಳೆಗಾಲದಲ್ಲಿ ಗಿರಾಕಿಗಳಿಲ್ಲದೆ ಕೂತು ಬೇಜಾರಾಗಿ, ಹರಾಜಿನ ಸೈಟು ಮಾಡುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡೆ. ಯಾವುದೋ ದೇಶದ ಯಾರೋ ಒಬ್ಬ ಪುಣ್ಯಾತ್ಮ ಬರೆದದ್ದು. ಅದನ್ನು ಬಳಸುವವರದ್ದೇ ಒಂದು ಚರ್ಚೆಯ ಪುಟವಿತ್ತು. ಅಲ್ಲಿ ಒಬ್ಬ ಅಂಚೆಚೀಟಿ ಮಾರುತ್ತಿದ್ದ, ಇನ್ನೊಬ್ಬ ಹಳೆಯ ಗಡಿಯಾರ. ನಾನು ಪಂಪ್‌ಸೆಟ್ಟು, ತಂಬಾಕು ಬೇಯಿಸುವ ಬ್ಯಾರನ್ನಿನ ಕಬ್ಬಿಣದ ಪೈಪು, ಟಿಲ್ಲರು, ಎಮ್ಮೆ. ಎಮ್ಮೆಯ ಫೋಟೋ ದೊಡ್ಡದಾಗಿ ಬರುತ್ತಿಲ್ಲ ಅಂತ ಕೇಳಿದರೆ ಅವರು ನಗದೆ ಉತ್ತರ ಕೊಡುತ್ತಿದ್ದರು. ಒಳ್ಳೆಯ ಜನ.

ಆದರೆ ಆ ಸಾಫ್ಟ್‌ವೇರ್ ನಮ್ಮ ಕಡೆಯ ಜನಕ್ಕೆ ಹೇಳಿ ಮಾಡಿಸಿದ್ದಲ್ಲ. ಯಾರು ಎಷ್ಟಕ್ಕೆ ಕೂಗಿದರು ಅಂತ ಹೆಸರಿನ ಸಮೇತ ಎಲ್ಲರಿಗೂ ತೋರಿಸುತ್ತಿತ್ತು. ನಮ್ಮಲ್ಲಿ ದನದ ವ್ಯಾಪಾರ ನಡೆಯುವುದೇ ಟವಲಿನ ಕೆಳಗೆ. ಮಾರುವವನೂ ಕೊಳ್ಳುವವನೂ ಕೈಮೇಲೆ ಟವಲು ಹೊದಿಸಿಕೊಂಡು ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಊರಿನವನ ಎದುರು, ಅದರಲ್ಲೂ ನೆಂಟರ ಎದುರು, ಬಾಯಿಬಿಟ್ಟು ಹೆಚ್ಚಿಗೆ ಕೂಗುವುದೆಂದರೆ ಜಗಳಕ್ಕೆ ಕರೆದಂತೆ. ಮೊದಮೊದಲು ಒಬ್ಬ ಕೂಗಿದನೆಂದರೆ ಉಳಿದವರು ನನಗೆ ಫೋನು ಮಾಡುವರು. "ಅವ್ರು ಕೂಗವ್ರಾ? ಅಂಗಾದ್ರೆ ನಮಗ್ಯಾಕೆ ಬುಡಕ್ಕ." ಅಲ್ಲಿಗೆ ಹರಾಜು ಮುಗಿಯಿತು!

ಹಟಕ್ಕೆ ಬಿದ್ದೆ. ಪುಸ್ತಕ ತರಿಸಿಕೊಂಡು, ತಲೆ ಕೆರೆದುಕೊಂಡು, ಹೆಸರು ಮುಚ್ಚುವ ಒಂದು ಚಿಕ್ಕ ಪ್ರೋಗ್ರಾಮು ಬರೆದು ಒಳಗೆ ಸೇರಿಸಿದೆ. ಬೆಲೆ ಮಾತ್ರ ಕಾಣುವುದು. ಗೆದ್ದವರ ಹೆಸರು ಮಾರುವವರಿಗಷ್ಟೇ ಗೊತ್ತಾಗುವುದು. ಅದಕ್ಕೆ 'ಟವಲು' ಅಂತಲೇ ಹೆಸರಿಟ್ಟೆ. ಆಮೇಲೆ ನೋಡಿ, ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ, ಎಚ್.ಡಿ. ಕೋಟೆ ಕಡೆಯಿಂದ ಜನ ಮುಗಿಬಿದ್ದರು. ಅಣ್ಣನೂ ತಮ್ಮನೂ ಒಂದೇ ಟಿಲ್ಲರಿಗೆ ಕೂಗಿಕೊಂಡು, ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ್ದನ್ನು ನಾನು ಬಲ್ಲೆ.

ಅಷ್ಟರಲ್ಲಿ ಎಲ್ಲರ ಕೈಗೂ ದೊಡ್ಡ ಕಂಪನಿಗಳ ಆ್ಯಪುಗಳು ಬಂದವು, ಊರಿಗೊಂದು ವಾಟ್ಸಾಪ್ ಗುಂಪಾಯಿತು. ಚರ್ಚೆಯ ಪುಟದಲ್ಲಿ ಅಂಚೆಚೀಟಿಯವನು ಕಾಣೆಯಾದ, ಗಡಿಯಾರದವನು ಅಂಗಡಿ ಮುಚ್ಚಿದ. ಕಡೆಗೆ ಸಾಫ್ಟ್‌ವೇರ್ ಬರೆದವನೇ, ಇನ್ನು ನನ್ನ ಕೈಲಾಗದು, ಎಲ್ಲರಿಗೂ ಒಳ್ಳೆಯದಾಗಲಿ ಅಂತ ನಾಲ್ಕು ಸಾಲು ಬರೆದು ಹೋದ. ಅದನ್ನು ಓದಿದ ದಿನ ನಿಜಕ್ಕೂ ಸಂಕಟವಾಯಿತು. ಅವನ ಮುಖ ನಾನು ನೋಡಿಲ್ಲ. ಆದರೂ ಮನೆಯವರು ಹೋದ ಹಾಗಾಯಿತು. ನನ್ನ ಸೈಟು ಮಾತ್ರ ನಡೆಯುತ್ತಲೇ ಇತ್ತು. ಕೆಟ್ಟರೆ ನಾನೇ ರಿಪೇರಿ ಮಾಡುತ್ತಿದ್ದೆ.

ಆಗ ನನಗೆ ಪರಿಚಯವಾದವಳು ಕಂಪಲಾಪುರದ ಆ ಹುಡುಗಿ. ಅಪ್ಪನಿಗೆ ಮಂಡಿ ನೋವು, ಬೇಸಾಯವೆಲ್ಲ ಇವಳದ್ದೇ. ಹೊಗೆಸೊಪ್ಪು, ರಾಗಿ, ಉಳುಮೆ, ಕೊಯ್ಲು, ಎಲ್ಲ. ಕೆ.ಆರ್. ನಗರದ ಕಡೆಯವರೊಬ್ಬರು ಹಳ್ಳಿಕಾರ್ ಎತ್ತಿನ ಜೋಡಿಯನ್ನು ಹರಾಜಿಗೆ ಹಾಕಿದ್ದರು. ಅವಳು ನನ್ನ ಅಂಗಡಿಗೆ ಬಂದು, ದೊಡ್ಡ ಸ್ಕ್ರೀನಿನಲ್ಲಿ ಅವುಗಳ ಮೈಮೇಲಿನ ಸುಳಿ ನೋಡಿದ್ದೇ ನೋಡಿದ್ದು. "ಇವು ನಂಗೇ ಕಣಕ್ಕ" ಅಂದವಳೇ ತನ್ನದೇ ಹೆಸರಿನಲ್ಲಿ ಕೂಗಿದಳು. ಯಾರೋ ಒಬ್ಬರು ಪಟ್ಟು ಬಿಡದೆ ಏರಿಸುತ್ತಾ ಬಂದರು. ಇವಳೂ ಬಿಡಲಿಲ್ಲ. ಎತ್ತುಗಳು ಕಂಪಲಾಪುರಕ್ಕೆ ಬಂದವು.

ಆ ಯಾರೋ ಒಬ್ಬರು ಅವಳ ಮಾವನಾಗುವವರೇ ಆಗಿದ್ದರು! ಎಚ್.ಡಿ. ಕೋಟೆಯ ಹತ್ತಿರದ ಮನೆ, ವೀಳ್ಯಶಾಸ್ತ್ರ ಮುಗಿದಿತ್ತು, ಪತ್ರಿಕೆ ಪ್ರಿಂಟಾಗಿದ್ದೂ ನನ್ನಲ್ಲೇ. ಅವರು ಹುಡುಗಿಯ ಅಪ್ಪನಿಗೆ ಫೋನು ಮಾಡಿ, "ಒಳ್ಳೇ ಜೋಡಿ ಭಾವ, ಯಾವನೋ ಎಗರಿಸ್ಕಂಡೋದ" ಅಂತ ಗೋಳು ಹೇಳಿಕೊಂಡರಂತೆ. ಅದೇ ಜೋಡಿ ಕಟ್ಟಿದ್ದ ಕೊಟ್ಟಿಗೆಯ ಮುಂದೆಯೇ ನಿಂತಿದ್ದ ಇವರು, ಅಯ್ಯೋ ಹೌದಾ ಅಂದು ಫೋನು ಇಟ್ಟರಂತೆ. ಕೂಗಿದ್ದು ಮಗಳೇ ಅಂತ ಹೇಳಲಿಲ್ಲ.

ನನ್ನ ಸೈಟು ಇಟ್ಟಿದ್ದ ಸರ್ವರಿನವರು ಹಳೆಯದನ್ನೆಲ್ಲ ಬದಲಾಯಿಸುತ್ತೇವೆ ಅಂತ ಹೇಳಿದ್ದೇನೋ ನಿಜ. ಆದರೆ ಹೇಳಿದ ದಿನಕ್ಕಿಂತ ಒಂದು ವಾರ ಮೊದಲೇ ಬದಲಾಯಿಸಿಬಿಟ್ಟರು. ಹೊಸ ಯಂತ್ರದಲ್ಲಿ ಉಳಿದದ್ದೆಲ್ಲ ಓಡಿತು, ನನ್ನ ಟವಲೊಂದು ಓಡಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. "ಅಕ್ಕಾ, ನನ್ನೆಸ್ರು ಎಲ್ರಿಗೂ ಕಾಣ್ತಾ ಅದಂತಲ್ಲಾ! ನಮ್ಮ ಷಡ್ಡಕ ನೋಡ್ಬುಟ್ಟ!" ಇಷ್ಟು ವರ್ಷ ಯಾರು ಯಾರ ಮೇಲೆ ಕೂಗಿದ್ದರೋ ಎಲ್ಲ ಬಟಾಬಯಲು. ಸರ್ವರಿನವರಿಗೆ ಬಾಯಿಗೆ ಬಂದಂತೆ ಬೈದು ಸೈಟು ನಿಲ್ಲಿಸಿದೆ. ಅಷ್ಟರಲ್ಲಿ ಅದರ ಫೋಟೋಗಳು ಎಲ್ಲ ಗುಂಪುಗಳಲ್ಲೂ ಓಡಾಡುತ್ತಿದ್ದವು.

ಮಧ್ಯಾಹ್ನಕ್ಕೆ ಕಂಪಲಾಪುರದ ಅಪ್ಪ ಮಗಳು ಬಂದರು. ಅಪ್ಪನ ಮುಖ ಸುಟ್ಟ ಬದನೆಕಾಯಿ. "ಮದ್ವೆ ನಿಂತೋಯ್ತದೆ ಕಣವ್ವಾ. ಕಂಪ್ಯೂಟರ್ ತಪ್ಪು ತೋರಿಸ್ತು, ಕೂಗಿದ್ದು ಬೇರೆ ಯಾರೋ ಅಂತ ನೀನೊಂದು ಮಾತು ಅಂದ್ಬುಡು" ಅಂದರು.

ಹೇಳಬಹುದಿತ್ತು. ನನ್ನ ಮಾತಿಗೆ ಅಷ್ಟು ಬೆಲೆ ಇತ್ತು. ಹುಡುಗಿಯ ಮುಖ ನೋಡಿದೆ. "ಸುಳ್ಳು ಯೋಳ್ಬೇಡಿ ಅಕ್ಕ. ನಾನೇನು ಕದ್ದಿದ್ದೀನಾ?" ಅಂದಳು. ಮೂವರೂ ಕೋಟೆಯ ಬಸ್ಸು ಹತ್ತಿದೆವು.

ಹುಡುಗನ ಅಪ್ಪ ಗಟ್ಟಿ ಮನುಷ್ಯರು, ಗತ್ತಿನವರು. ಕಾಫಿ ಕೊಡಿಸಿದರು. ಆಮೇಲೆ ನನ್ನನ್ನೇ ಕೇಳಿದರು: "ತಪ್ಪು ನಿಮ್ಮ ಮಿಷನ್ನಿಂದೋ, ಈ ಮಗೀದೋ?"

"ಇಬ್ಬರದ್ದೂ ಅಲ್ಲ" ಅಂದೆ. "ಕೂಗಿದ್ದು ಇವಳೇ. ಎದುರಿಗಿದ್ದವರು ನೀವು ಅಂತ ಇವಳಿಗೆ ಗೊತ್ತಿರಲಿಲ್ಲ, ಇವಳು ಅಂತ ನಿಮಗೆ ಗೊತ್ತಿರಲಿಲ್ಲ. ಇಬ್ಬರೂ ಒಳ್ಳೇ ಎತ್ತು ಗುರುತು ಹಿಡಿದ್ರಿ. ಅದರಲ್ಲಿ ತಪ್ಪೇನಿದೆ?"

ಅವರು ಮೀಸೆ ತೀಡಿಕೊಂಡರು. "ಆಯ್ತು ಬುಡಿ. ಮದ್ವೆ ನಿಲ್ಲೋದು ಬ್ಯಾಡ. ಜೋಡಿ ನಮ್ಮನೆಗೆ ಕಳಿಸ್ಬುಡಿ. ಎಂಗೂ ಹುಡುಗಿ ಬರೋ ಮನೆ ತಾನೆ? ಇನ್ಮೇಕೆ ಯಾಪಾರ ಗೀಪಾರ ಗಂಡಸ್ರು ನೋಡ್ಕತೀವಿ."

ಅಪ್ಪನ ಮುಖಕ್ಕೆ ಜೀವ ಬಂತು. ಕೈಮುಗಿಯಲು ಎದ್ದೇಬಿಟ್ಟರು. ಹುಡುಗಿ ಮಾತ್ರ ಮದುವೆಯ ಗಂಡಿನ ಕಡೆ ತಿರುಗಿದಳು. ಅವನು ಬಾಗಿಲಿಗೆ ಒರಗಿ ಫೋನು ಒತ್ತುತ್ತಿದ್ದ. "ನೀವೇನಂತೀರಿ?" ಅಂತ ಕೇಳಿದಳು.

"ಅಪ್ಪ ಯೋಳ್ದಂಗೆ" ಅಂದ, ತಲೆ ಎತ್ತದೆ.

ಅವಳು ಲೋಟ ಕೆಳಗಿಟ್ಟಳು. "ಎತ್ತೂ ಬರಕಿಲ್ಲ, ನಾನೂ ಬರಕಿಲ್ಲ. ನಡಿಯಪ್ಪ."

ನನಗೆ ಅಲ್ಲೇ ಅವಳ ಬೆನ್ನು ತಟ್ಟಬೇಕೆನಿಸಿತು. ತಟ್ಟಲಿಲ್ಲ, ಅಪ್ಪನನ್ನು ನೋಡಿ ಕೈ ಹಿಂದೆಗೆದೆ. ಬಸ್ಸಿನಲ್ಲಿ ಅವರು ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹುಣಸೂರು ಬರುವವರೆಗೆ ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ಆಮೇಲೂ ಎಷ್ಟೋ ದಿನ ಆಡಲಿಲ್ಲವಂತೆ. ಎತ್ತಿಗೆ ಹುಲ್ಲು ಹಾಕುತ್ತಿದ್ದರಂತೆ, ಅವಳಿಗೆ ಊಟಕ್ಕೆ ಬಾ ಅನ್ನುತ್ತಿರಲಿಲ್ಲವಂತೆ.

ಟವಲನ್ನು ಮತ್ತೆ ಬರೆಯಲು ಕೂತೆ. ಹೊಸ ಯಂತ್ರದಲ್ಲಿ ಆ ಹಳೆಯ ಸಾಫ್ಟ್‌ವೇರಿಗೆ ಅದು ಒಗ್ಗಲೇ ಇಲ್ಲ. ಕೇಳೋಣವೆಂದರೆ ಚರ್ಚೆಯ ಪುಟದಲ್ಲಿ ನನ್ನ ಪ್ರಶ್ನೆಯ ಕೆಳಗೆ ನನ್ನ ಹಳೆಯ ಪ್ರಶ್ನೆಗಳೇ ಇದ್ದವು. ಒಂದು ಸಲ ಹೆಸರು ಹೊರಬಿದ್ದ ಮೇಲೆ ಜನ ಮತ್ತೆ ನಂಬುವುದೂ ಇಲ್ಲ. ಸೈಟನ್ನು ಯಾರೂ ಮುಚ್ಚಿಸಲಿಲ್ಲ, ನಾನೇ ಅಳಿಸಿ ಮುಚ್ಚಿದೆ. ಈಗ ಎಲ್ಲರೂ ವಾಟ್ಸಾಪ್ ಗುಂಪಿನಲ್ಲೇ. ಹೆಸರು, ನಂಬರು, ಮುಖ ಎಲ್ಲ ಮೇಲೇ ಇರುತ್ತದೆ.

ಮೊನ್ನೆ ಅಪ್ಪ ಮಗಳು ಪಹಣಿಗೆ ಬಂದಿದ್ದರು. ಗುಂಪಿನಲ್ಲಿ ಯಾರೋ ಹಸು ಹಾಕಿದ್ದರು. ಇವಳು ನನ್ನ ಅಂಗಡಿಯಲ್ಲೇ ಕೂತು ಫೋನು ಮಾಡಿದಳು. ಎಷ್ಟನೇ ಸೂಲು, ಹಾಲು ಎಷ್ಟು ಅಂತ ಕೇಳುತ್ತಿದ್ದ ಹಾಗೇ ಆ ಕಡೆಯವನು, "ಇದೆಲ್ಲ ನಿನಗೆ ತಿಳಿಯಾಕಿಲ್ಲ, ನಿಮ್ಮಪ್ಪನ ಕೈಗೆ ಫೋನ್ ಕೊಡವ್ವಾ" ಅಂದ. ಸ್ಪೀಕರಿನಲ್ಲಿತ್ತು, ನನಗೂ ಕೇಳಿಸಿತು. ಮೈ ಉರಿದುಹೋಯಿತು. ಅವಳು ಫೋನನ್ನು ಅಪ್ಪನ ಮುಂದೆ ಹಿಡಿದಳು.

ಅಪ್ಪ ಅದನ್ನು ಮುಟ್ಟಲಿಲ್ಲ. ಬಗ್ಗಿ, ಅವಳ ಕೈಯಲ್ಲಿದ್ದ ಹಾಗೇ ಅದಕ್ಕೆ ಬಾಯಿ ಕೊಟ್ಟರು. "ಯಜಮಾನ್ತಿ ಅವ್ಳೇ ಕಣಯ್ಯ. ಮಾರಂಗಿದ್ರೆ ಅವ್ಳತ್ರ ಮಾತಾಡು, ಇಲ್ದಿದ್ರೆ ಮಡಗು ಫೋನ."